ಬೀಳಗಿಗೆ ಒಂದೇ ಸಲ

ಹಾಕಿ ಕೋಲಿನ ತುದಿ ಸೊಟ್ಟಗಿರುತ್ತದೆ ಎನ್ನುವುದನ್ನು ಬಿಟ್ಟರೆ ಆ ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಹಾಗಿದ್ದೂ ನಾಲ್ಕು ಊರಿನ ಹಾಕಿ ಲೀಗಿನ ಪಟ್ಟಿ ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಗಣಿತದ ಶಿಕ್ಷಕಿ. ಬಾಡಗಂಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಅಲ್ಲಿಯ ವೇಳಾಪಟ್ಟಿಯನ್ನು ಹನ್ನೊಂದು ವರ್ಷದಿಂದ ನಾನೇ ಹಾಕುತ್ತ ಬಂದಿದ್ದೇನೆ. ಹಿಂದಿ ಮಾಸ್ತರರಿಗೆ ಊಟದ ನಂತರದ ಪೀರಿಯಡ್ ಬೇಡ, ವಿಜ್ಞಾನದ ಮೇಡಂಗೆ ಮುಂಜಾನೆಯದು ಬೇಡ, ಸಮಾಜ ಹೇಳುವವರಿಗೆ ಯಾವುದೂ ಬೇಡ. ಇವರನ್ನೆಲ್ಲ ಒಂದೇ ಹಾಳೆಯಲ್ಲಿ ಕೂಡಿಸಿದವಳಿಗೆ ನಾಲ್ಕು ಊರನ್ನು ಕೂಡಿಸುವುದು ಯಾವ ಲೆಕ್ಕ ಎಂದು ನಮ್ಮ ಪಿ.ಟಿ. ಮಾಸ್ತರರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಈ ಪಿ.ಟಿ. ಮಾಸ್ತರರು ಗದಗಿನ ಕಡೆ ಓದಿ, ಹಾಕಿಯ ಹುಚ್ಚು ಹಚ್ಚಿಕೊಂಡು ಬಂದವರು. ಅವರೂ ನನ್ನಂತೆ ಜಮಖಂಡಿಯಿಂದ ದಿನಾ ಬಸ್ಸಿಗೆ ಬರುತ್ತಾರೆ. ಜಮಖಂಡಿಯ ತಂಡ ಕಟ್ಟಿದವರು ಅವರೇ. ನಂತರ ಮುಧೋಳ, ಬೀಳಗಿ, ಜೋಡಿ ಊರಾದ ರಬಕವಿ-ಬನಹಟ್ಟಿಯವರನ್ನೂ ಎಬ್ಬಿಸಿ ನಿಲ್ಲಿಸಿದರು. ಹನ್ನೊಂದು ಜನ ಯಾವ ಊರಲ್ಲೂ ಸಿಗಲಿಲ್ಲವಾದ್ದರಿಂದ ತಂಡಕ್ಕೆ ಏಳು ಜನ ಸಾಕು ಎಂದಾಯಿತು. ಖರ್ಚಿಗೆ ಜಮಖಂಡಿಯ ಪೈಪಿನ ಅಂಗಡಿಯ ಸಾಹುಕಾರರು ಒಪ್ಪಿದರು.

"ಆಡಾವ್ರಿಗೆ ರೊಕ್ಕಾ ಕೊಡತೇವಿ ಅಂದ ಮ್ಯಾಲ ಇದು ಪ್ರೊಫೆಷನಲ್ ಲೀಗ್ ಆತ್ರಿ ಮೇಡಂ," ಎಂದು ಮಾಸ್ತರರು ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಕೂತು ಹೇಳಿದರು. "ಪಟ್ಟಿನೂ ಪ್ರೊಫೆಷನಲ್ ಆಗೇ ಇರಬೇಕು. ಅದಕ್ಕ ನಿಮ್ಮ ಕಡೆ ಬಂದೇನಿ."

ಹೊಗಳಿಕೆಗೆ ನಾನು ಬೇಗ ಕರಗುತ್ತೇನೆ. ಒಪ್ಪಿಕೊಂಡೆ.

ನಾಲ್ಕು ತಂಡ, ಎಲ್ಲರೂ ಎಲ್ಲರೊಂದಿಗೆ ಎರಡು ಸಲ, ಒಟ್ಟು ಹನ್ನೆರಡು ಪಂದ್ಯ. ಚಹಾ ಆರುವುದರೊಳಗೆ ಬರೆದು ಮುಗಿಸಿದೆ. ಚಹಾ ಆರಿದ ಮೇಲೆ ಫೋನು ಬರಲು ಶುರುವಾದವು. ರಬಕವಿ-ಬನಹಟ್ಟಿಯ ಆಟಗಾರರು ಮಗ್ಗದವರು, ಮಗ್ಗಕ್ಕೆ ರಜೆ ಇದ್ದ ದಿನವಷ್ಟೇ ಬರುತ್ತಾರೆ. ಮುಧೋಳದ ಇಬ್ಬರು ಮುಖ್ಯ ಆಟಗಾರರು ಸಕ್ಕರೆ ಕಾರ್ಖಾನೆಯವರು, ಕಬ್ಬು ನುರಿಸುವ ದಿನಗಳಲ್ಲಿ ಅವರ ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ. ಬೀಳಗಿಯ ದಾರಿಯಲ್ಲಿ ಸಂಜೆ ಕಬ್ಬಿನ ಟ್ರಾಕ್ಟರುಗಳ ಸಾಲು ನಿಂತರೆ ತಂಡ ಯಾವಾಗ ಮುಟ್ಟುತ್ತದೆ ಎಂದು ಹೇಳುವಂತಿಲ್ಲ. ಜಮಖಂಡಿಯ ಮೈದಾನದಲ್ಲಿ ಸಂತೆಯ ದಿನ ಎತ್ತಿನ ಗಾಡಿ ಬಿಡುತ್ತಾರೆ.

ಇದರ ಮೇಲೆ ಬನಹಟ್ಟಿಯ ಒಬ್ಬರು ಫೋನು ಮಾಡಿ, "ಪಟ್ಟಿಯೊಳಗ ಯಾವಾಗಲೂ ರಬಕವಿ ಯಾಕ್ರಿ ಮೊದಲ?" ಎಂದು ಕೇಳಿದರು. ಅದೂ ನ್ಯಾಯವೇ. ಒಂದು ಪಂದ್ಯಕ್ಕೆ ರಬಕವಿ-ಬನಹಟ್ಟಿ, ಮುಂದಿನದಕ್ಕೆ ಬನಹಟ್ಟಿ-ರಬಕವಿ ಎಂದು ಬರೆದೆ. ಇದರಿಂದ ಅರ್ಧ ಜನ ಲೀಗಿನಲ್ಲಿ ಐದು ತಂಡ ಇವೆ ಎಂದೇ ತಿಳಿದರು.

ಎಲ್ಲವನ್ನೂ ಹೊಂದಿಸಿ, ಬಣ್ಣದ ಪೆನ್ನಿನಲ್ಲಿ ಗೆರೆ ಹೊಡೆದು, ಸಾಹುಕಾರರ ಅಂಗಡಿಗೆ ಒಯ್ದೆ. ಅವರು ಕಪ್ಪು ಪೈಪಿನ ಸುರುಳಿಯ ಮೇಲೆ ಕೂತು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ರಿ ಮೇಡಂ, ಜಮಖಂಡಿ-ಮುಧೋಳ ಎರಡ ಸಲ ಅಷ್ಟೇನ್ರಿ?"

"ಎಲ್ಲಾರಿಗೂ ಎರಡೆರಡ ಸಲ ಅದಾವ್ರಿ."

"ಎಲ್ಲಾರ್ನ ತಗೊಂಡ ಏನ್ ಮಾಡೂದು? ಮಂದಿ ಕೂಡೂದು ಆ ಒಂದ ಮ್ಯಾಚಿಗೆ. ಬೀಳಗಿ ಬಂದ್ರ ನೋಡಾಕ ಯಾರ್ ಬರತಾರ? ಜಮಖಂಡಿ-ಮುಧೋಳ ಆರ ಸಲ ಇಡ್ರಿ."

ಹಾಗೆ ಮಾಡಿದರೆ ಈ ಎರಡು ಊರು ಬೇರೆ ಯಾರೊಂದಿಗೂ ಆಡಲು ಆಗುವುದಿಲ್ಲ ಎಂದು ವಿವರಿಸಿದೆ. ಅದರಿಂದ ಏನು ನಷ್ಟ ಎಂದು ಅವರು ಕೇಳಿದರು. ಬಳೆ ಅಂಗಡಿಯಲ್ಲಿ ಮಾಡುವಂತೆ ಚೌಕಾಸಿ ನಡೆದು ಕೊನೆಗೆ ನಾಲ್ಕಕ್ಕೆ ನಿಂತಿತು. ಜಮಖಂಡಿ-ಮುಧೋಳ ನಾಲ್ಕು ಸಲ. ಆಗ ತನ್ನಿಂದ ತಾನೇ ಬೀಳಗಿ ಮತ್ತು ರಬಕವಿ-ಬನಹಟ್ಟಿಯೂ ತಮ್ಮತಮ್ಮೊಳಗೆ ನಾಲ್ಕು ಸಲ ಆಡಬೇಕಾಯಿತು. ಉಳಿದ ಜೋಡಿಗಳಿಗೆ ಒಂದೊಂದೇ ಸಲ. ಪ್ರತಿ ತಂಡಕ್ಕೆ ಆರು, ಒಟ್ಟು ಮತ್ತೆ ಹನ್ನೆರಡು. ಲೆಕ್ಕ ಇಷ್ಟು ಚಂದ ಕೂತದ್ದನ್ನು ಕಂಡು ನನಗೆ ಹೆಮ್ಮೆಯೇ ಆಯಿತು. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಫೈನಲ್ ಇಲ್ಲ, ಹೆಚ್ಚು ಅಂಕ ಬಂದವರಿಗೆ ಕಪ್ಪು.

ನಮ್ಮ ದಿನದ ಬಸ್ಸಿನ ಕಂಡಕ್ಟರರು ಬೀಳಗಿಯವರು ಎಂಬುದು ನನಗೆ ಗೊತ್ತಿತ್ತು. ಬೀಳಗಿ ತಂಡದ ಮ್ಯಾನೇಜರೂ ಅವರೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಪಟ್ಟಿ ಹೊರಬಿದ್ದ ಮರುದಿನ ಅವರು ಟಿಕೆಟಿನ ಮಷೀನು ಹಿಡಿದು ನನ್ನ ಸೀಟಿನ ಮುಂದೆ ಬಂದು ನಿಂತರು.

"ಅಕ್ಕೋರ, ಪಟ್ಟಿ ನೋಡೇನಿ."

"ಹೂಂ ರೀ."

"ಜಮಖಂಡಿ ಜೋಡಿ ನಮಗ ಒಂದ ಸಲ?"

"ಹೌದ್ರಿ. ಕೊನೀ ವಾರ, ನಿಮ್ಮ ಊರಾಗ."

"ಅದೂ ಕೊನೀಗೆ. ಊಟಾ ಗೀಟಾ ಎಲ್ಲಾ ಆದ ಮ್ಯಾಲ ಬೀಗರ್ನ ಕರದಂಗ." ಟಿಕೆಟಿನ ಮಷೀನನ್ನು ಬಗಲಿಗೆ ಇರುಕಿ ಕೈ ಚಾಚಿದರು. ಆಮೇಲೆ ಅಂದರು: "ಆಧಾರ ಕಾರ್ಡ್ ತೋರಸ್ರಿ."

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಕಾರ್ಡು ತೋರಿಸುವುದು ನಿಯಮವೇ. ಆದರೆ ಅವರು ನನ್ನನ್ನು ಒಂದು ದಿನವೂ ಕೇಳಿದ್ದಿಲ್ಲ.

"ಎಂಟ ವರ್ಷ ಆತಲ್ರಿ, ನನ್ನ ಮಾರಿ ದಿನಾ ನೋಡಾಕತ್ತೀರಿ," ಎಂದೆ.

"ಮಾರಿ ನೋಡಿ ಟಿಕೆಟ್ ಕೊಡ ಅಂತ ಎಲ್ಲೂ ಬರದಿಲ್ರಿ. ನಿಮಗ ಲೆಕ್ಕ, ನಿಯಮ ಅಂದ್ರ ಭಾಳ ಪ್ರೀತಿ ಅಲ್ಲ?"

ಕಾರ್ಡು ತೆಗೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಫೋಟೋ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿ, ಬಹಳ ಸಂಶಯದಿಂದ ವಾಪಸು ಕೊಟ್ಟರು. ಬಸ್ಸಿನವರೆಲ್ಲ ನಾನು ಯಾರೋ ಮೋಸಗಾತಿ ಎಂಬಂತೆ ತಿರುಗಿ ನೋಡಿದರು. ಪಿ.ಟಿ. ಮಾಸ್ತರರು ಕಿಟಕಿಯ ಹೊರಗೆ ಕಬ್ಬನ್ನು ನೋಡುತ್ತಿದ್ದರು.

ಇದು ಮೂರು ವಾರ ನಡೆಯಿತು. ಒಂದು ದಿನ ಮುಂಜಾನೆ ಚೆಕಿಂಗಿನವರು ದಾರಿಯಲ್ಲಿ ಬಸ್ಸು ಹತ್ತಿದರು. ಕಂಡಕ್ಟರರು ನನ್ನ ಕಾರ್ಡನ್ನು ಎಂದಿನಂತೆ ಹಿಂದೆ ಮುಂದೆ ತಿರುಗಿಸಿ ಪರೀಕ್ಷಿಸುತ್ತಿದ್ದುದನ್ನು ಕಂಡು, "ಶಭಾಷ್! ಕೆಲಸಾ ಅಂದ್ರ ಹಿಂಗ ಮಾಡಬೇಕ ನೋಡ್ರಿ," ಎಂದು ಎಲ್ಲರ ಮುಂದೆ ಹೊಗಳಿದರು. ಅಂದಿನಿಂದ ಕಂಡಕ್ಟರರಿಗೆ ಅದರ ರುಚಿ ಹೋಯಿತು. ಕಾರ್ಡು ಕೇಳುವುದನ್ನು ಬಿಟ್ಟು ಬೇರೆ ದಾರಿ ಹಿಡಿದರು. ಬಸ್ಸು ಹತ್ತಿದ ಪ್ರತಿಯೊಬ್ಬರಿಗೂ ಟಿಕೆಟಿನ ಜೊತೆ ಬೀಳಗಿಗಾದ ಅನ್ಯಾಯವನ್ನೂ ಹರಿದು ಕೊಡತೊಡಗಿದರು. "ಜಮಖಂಡ್ಯಾಗಿನ ಮಂದಿ ನಮ್ಮ ಜೋಡಿ ಒಂದೇ ಸಲ ಆಡತಾರಂತ. ನಾವು ಅವರಿಗೆ ಲೆಕ್ಕಕ್ಕಿಲ್ಲ." ಹಾಕಿ ಎಂದರೇನು ಎಂದು ಗೊತ್ತಿಲ್ಲದ ಮುದುಕಿಯರು ಸಹ ಇಳಿಯುವಾಗ ನನ್ನ ಕಡೆ ಒಂದು ನಮೂನೆ ನೋಡಿ ಇಳಿಯುತ್ತಿದ್ದರು.

ಇನ್ನು ಮನೆಯ ವಿಷಯ. ನನ್ನ ಮಾವನವರು ಮುಧೋಳದವರು. ಮೂವತ್ತು ವರ್ಷ ಜಮಖಂಡಿಯ ಕೋರ್ಟಿನಲ್ಲಿ ಕ್ಲಾರ್ಕ್ ಆಗಿದ್ದು, ಇಲ್ಲೇ ಮನೆ ಕಟ್ಟಿಸಿ, ಇಲ್ಲೇ ರಿಟಾಯರ್ ಆದರೂ, ತಾವು ಮುಧೋಳದಿಂದ ನಾಲ್ಕು ದಿನದ ಮಟ್ಟಿಗೆ ಬಂದವರು ಎಂಬಂತೆಯೇ ಇರುತ್ತಾರೆ. ಅತ್ತೆಯವರು ಜಮಖಂಡಿಯಲ್ಲೇ ಹುಟ್ಟಿದವರು. ಇಬ್ಬರೂ ಅಲ್ಲಿಯವರೆಗೆ ಹಾಕಿಯ ಹೆಸರು ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮೊದಲ ಪಂದ್ಯ ಜಮಖಂಡಿ-ಮುಧೋಳ ಎಂದು ತಿಳಿದ ಕೂಡಲೇ ಮಾವನವರು ಪೆಟ್ಟಿಗೆಯಿಂದ ಕರಿ ಟೊಪ್ಪಿಗೆ ತೆಗೆದು ಝಾಡಿಸಿದರು.

ಆ ದಿನ ಜಮಖಂಡಿಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹುಕಾರರ ಮುಖ ಅರಳಿತ್ತು. ಮುಧೋಳ ಬೇಟೆನಾಯಿಗೆ ಹೆಸರಾದ ಊರು. ಜಮಖಂಡಿಯವರು ಅಲ್ಲಿಯ ಆಟಗಾರರನ್ನು ಕಂಡು ನಾಯಿ ಬಿಡುವಂತೆ "ಛೂ, ಛೂ" ಎಂದು ಕೂಗಿದರು. ಮುಧೋಳದವರಿಗೆ ಸಿಟ್ಟು ಬರಲೇ ಇಲ್ಲ. ಮಾವನವರು ಎದ್ದು ನಿಂತು, "ನಮ್ಮೂರ ನಾಯಿ ಮಿಲಿಟರಿಗೆ ನೌಕರಿಗೆ ಹೋಗ್ಯಾವ. ನಿಮ್ಮೂರ ಮನಷಾರಿಗೆ ಸಿಕ್ಕದೇನು ನೌಕರಿ?" ಎಂದು ಕೇಳಿದರು. ಎಪ್ಪತ್ತೈದು ವರ್ಷದ ಅವರ ಗಂಟಲಿನಲ್ಲಿ ಇಷ್ಟು ದನಿ ಇದೆ ಎಂದು ನನಗೆ ತಿಳಿದದ್ದು ಅಂದೇ. ಜಮಖಂಡಿ ಒಂದು ಗೋಲಿನಿಂದ ಗೆದ್ದಿತು.

ಸಂಜೆ ಊಟಕ್ಕೆ ಅತ್ತೆಯವರು ಶಿರಾ ಮಾಡಿದ್ದರು.

"ಏನ ಹಬ್ಬ ಇವತ್ತ?" ಎಂದು ಮಾವನವರು ಕೇಳಿದರು.

"ಹಬ್ಬಾ ಗಿಬ್ಬಾ ಏನಿಲ್ಲ. ರವಾ ಹುಳಾ ಹಿಡೀಲಿಕ್ಕೆ ಹತ್ತಿತ್ತು."

ಮಾವನವರು ಶಿರಾ ಮುಟ್ಟಲಿಲ್ಲ.

ಈ ಜೋಡಿಯ ಎರಡನೆಯ ಪಂದ್ಯ ಮುಧೋಳದಲ್ಲಿ. ಅಲ್ಲಿ ಮುಧೋಳ ಗೆದ್ದಿತು. ಮಾವನವರು ಪೇಢೆಯ ಪೊಟ್ಟಣ ತಂದು ಮೊದಲು ಅತ್ತೆಯವರ ಮುಂದೆಯೇ ಹಿಡಿದರು. "ನನಗ ಸಕ್ಕರಿ ರೋಗ ಅದ," ಎಂದರು ಅತ್ತೆ. ಆ ರೋಗ ಅವರಿಗೆ ಆ ಸಂಜೆಯೇ ಬಂದದ್ದು, ಎರಡು ದಿನದಲ್ಲಿ ತಾನಾಗಿಯೇ ವಾಸಿಯಾಯಿತು. ನನ್ನ ಪತಿ ಹುಟ್ಟಿದ್ದು ಮುಧೋಳದ ಅಜ್ಜಿಯ ಮನೆಯಲ್ಲಿ, ಬೆಳೆದದ್ದು ಜಮಖಂಡಿಯಲ್ಲಿ. ಆ ದಿನಗಳಲ್ಲಿ ಅವರು ಊಟ ಮಾಡುವಾಗ ತಲೆ ಎತ್ತುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸಾಹುಕಾರರು ಹೇಳಿದಂತೆಯೇ ನಡೆದಿತ್ತು. ಕೆಟ್ಟದ್ದು ಮೂರನೆಯ ಪಂದ್ಯದಿಂದ.

ಮೂರನೆಯದು ಎರಡೇ ವಾರಕ್ಕೆ ಬಂತು. ಜನ ಬಂದರು. ಆದರೆ ಬೈಯಲು ಹೊಸದೇನೂ ಉಳಿದಿರಲಿಲ್ಲ. "ಛೂ" ಎಂದವರು ತಾವೇ ಆಕಳಿಸಿದರು. ಎರಡು ಸಲ ಎದುರುಬದುರು ಕೂತು ಬೈದಾಡಿದವರಿಗೆ ಈಗ ಒಬ್ಬರಿಗೊಬ್ಬರ ಮುಖ ಪರಿಚಯವಾಗಿತ್ತು. ಜಮಖಂಡಿಯ ಒಬ್ಬ ಯಜಮಾನರು ಮಾವನವರಿಗೆ, "ಯಾಕ್ರಿ, ದನಿ ಬಿದ್ದೈತಲ್ಲ, ಹೋದ ಸಲದ ಕೆಮ್ಮ ಇನ್ನೂ ಇಳದಿಲ್ಲೇನು? ಜೇಷ್ಠಮಧು ಬಾಯಾಗ ಇಟ್ಕೋರಿ," ಎಂದು ಕಾಗದದಲ್ಲಿ ಕಟ್ಟಿ ತಂದದ್ದನ್ನು ಕೊಟ್ಟರು. ಮಾವನವರು ಅದನ್ನು ಬಾಯಿಗೆ ಹಾಕಿಕೊಂಡು ಅವರ ಪಕ್ಕದಲ್ಲೇ ಕೂತರು. ಇಬ್ಬರೂ ಸೇರಿ ಅಂಪೈರನನ್ನು ಬೈದರು. ಪಂದ್ಯ ಸಮವಾಯಿತು.

ನಾಲ್ಕನೆಯ ಪಂದ್ಯದ ಹೊತ್ತಿಗೆ ಇನ್ನೂ ದೊಡ್ಡ ಕೆಲಸವಾಗಿತ್ತು. ಜಮಖಂಡಿಯ ಗೋಲ್‌ಕೀಪರ್ ಮೊಬೈಲ್ ರಿಪೇರಿ ಅಂಗಡಿಯವನು. ಪಂದ್ಯ ನೋಡಲು ಬರುತ್ತಿದ್ದ ಅವನ ಅಕ್ಕನನ್ನು ಮುಧೋಳದ ಮುಂಚೂಣಿ ಆಟಗಾರ ನೋಡಿದ. ಅವಳೂ ಅವನನ್ನು ನೋಡಿದಳು. ಹಿರಿಯರು ಕೇಳಿ ನೋಡಿದರೆ ಎರಡೂ ಮನೆಯವರಿಗೆ ಹಳೆಯ ಬಳಗವೇ ಬಂತು. ಎಲೆ ಅಡಿಕೆ ಶಾಸ್ತ್ರವೂ ಮುಗಿಯಿತು.

ಪಂದ್ಯದಲ್ಲಿ ಆ ಆಟಗಾರ ಚೆಂಡು ತಳ್ಳಿಕೊಂಡು ಒಬ್ಬನೇ ಗೋಲಿನ ಹತ್ತಿರ ಬಂದ. ಪ್ಯಾಡು, ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದ ಗೋಲ್‌ಕೀಪರ್, "ಬರ್ರಿ ಮಾಮಾ, ಬರ್ರಿ," ಎಂದ. ಜನ "ಬೀಗರು ಬಂದ್ರು, ಕುರ್ಚಿ ಹಾಕ್ರಿ" ಎಂದು ಕೂಗಿದರು. ಆ ಹುಡುಗ ಒಂದು ಕ್ಷಣ ನಿಂತು, ಹುಡುಗಿ ಕೂತ ಕಡೆ ನೋಡಿ, ಚೆಂಡನ್ನು ಗೋಲಿನಿಂದ ಎರಡು ಮಾರು ಆಚೆ ಹೊಡೆದ. ಬೇಕೆಂದೇ ಹೊಡೆದನೋ, ಗುರಿ ತಪ್ಪಿತೋ, ಇವತ್ತಿಗೂ ಅವನು ಹೇಳಿಲ್ಲ. ಗೋಲೇ ಇಲ್ಲದೆ ಆಟ ಮುಗಿಯಿತು. ಅರ್ಧ ಜನ ಮೊದಲೇ ಎದ್ದು ಗಿರಮಿಟ್ಟು, ಮೆಣಸಿನಕಾಯಿ ಭಜ್ಜಿಯ ಗಾಡಿಗೆ ಹೋಗಿದ್ದರು.

ಸಾಹುಕಾರರು ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತಿದ್ದರು. "ಮೇಡಂ, ಇದು ಮ್ಯಾಚೋ ಮದುವಿ ಮಾತುಕತಿಯೋ?" ಎಂದು ಕೇಳಿದರು. ನಾಲ್ಕು ಸಲ ಇಡಿಸಿದವರು ಅವರೇ ಎಂಬುದನ್ನು ನಾನು ನೆನಪಿಸಲಿಲ್ಲ.

ಮರುದಿನ ಬಸ್ಸಿನಲ್ಲಿ ನಾನೂ ಪಿ.ಟಿ. ಮಾಸ್ತರರೂ ಮೊದಲ ಸಲ ಕೂತು ಅಂಕ ಕೂಡಿಸಿದೆವು. ಅದುವರೆಗೆ ಬೀಳಗಿಯ ಪಂದ್ಯಗಳನ್ನು ಯಾರೂ ಸರಿಯಾಗಿ ನೋಡಿರಲೇ ಇಲ್ಲ. ಮುಧೋಳದ ಆರೂ ಪಂದ್ಯ ಮುಗಿದು ಏಳು ಅಂಕ. ಜಮಖಂಡಿ ರಬಕವಿ-ಬನಹಟ್ಟಿಯವರನ್ನು ಸೋಲಿಸಿದ್ದರಿಂದ ಆರು ಅಂಕ, ಇನ್ನೊಂದು ಪಂದ್ಯ ಬಾಕಿ. ಬೀಳಗಿಗೆ ಏಳು, ಅವರಿಗೂ ಅದೇ ಪಂದ್ಯ ಬಾಕಿ. ಮಾಸ್ತರರು ಎರಡು ಸಲ ಕೂಡಿಸಿದರು. ಏಳೇ ಬಂತು.

"ಬೀಳಗಿಗೆ ಏಳ ಹೆಂಗ ಬಂದ್ವು ಮೇಡಂ?"

ನೋಡಿದರೆ ದಾರಿ ನೇರವಾಗಿಯೇ ಇತ್ತು. ಲೀಗಿನಲ್ಲಿ ಎಲ್ಲಕ್ಕಿಂತ ಸಡಿಲ ತಂಡ ರಬಕವಿ-ಬನಹಟ್ಟಿಯದು. ಪಾಪ, ಮಗ್ಗದ ಕೆಲಸದ ನಡುವೆ ಅವರಿಗೆ ಅಭ್ಯಾಸಕ್ಕೆ ಹೊತ್ತೇ ಸಿಗುತ್ತಿರಲಿಲ್ಲ. ಆ ತಂಡವನ್ನು ಬೀಳಗಿಯವರ ತಾಟಿಗೆ ನಾಲ್ಕು ಸಲ ಬಡಿಸಿದವಳು ನಾನೇ. ಅವರು ಮೂರು ಸಲ ಗೆದ್ದಿದ್ದರು, ಮುಧೋಳದ ಜೊತೆ ಸಮ ಮಾಡಿಕೊಂಡಿದ್ದರು. ಇತ್ತ ಜಮಖಂಡಿಯೂ ಮುಧೋಳವೂ ಒಬ್ಬರ ಅಂಕ ಒಬ್ಬರು ತಿನ್ನುತ್ತ ಕೂತಿದ್ದರು. ಈಗ ಜಮಖಂಡಿ ಬೀಳಗಿಗೆ ಹೋಗಿ ಗೆಲ್ಲಲೇಬೇಕು. ಸಮವಾದರೂ ಕಪ್ಪು ಬೀಳಗಿಗೇ.

ತಲೆ ಎತ್ತಿದರೆ ಕಂಡಕ್ಟರರು ನಮ್ಮ ಸೀಟಿನ ಕಂಬ ಹಿಡಿದು ನಿಂತು ಹಾಳೆಯನ್ನು ಓದುತ್ತಿದ್ದರು. ಅವರಿಗೆ ಈ ಲೆಕ್ಕ ಒಂದು ತಿಂಗಳ ಹಿಂದೆಯೇ ಗೊತ್ತಿತ್ತು ಎಂದು ಅವರ ಮುಖವೇ ಹೇಳುತ್ತಿತ್ತು.

"ಅಕ್ಕೋರ, ಆಯತವಾರ ಬರ್ರಿ ಮತ್ತ. ಒಂದ ಸಲ ಐತಿ, ತಪ್ಪಸಬ್ಯಾಡ್ರಿ."

ಬೀಳಗಿಯಲ್ಲಿ ಅಂದು ನಾನು ಕಂಡಷ್ಟು ಜನ ನಮ್ಮ ನಾಲ್ಕು ಪಂದ್ಯಗಳನ್ನು ಸೇರಿಸಿದರೂ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಖಾಲಿ ಕಬ್ಬಿನ ಟ್ರೇಲರುಗಳಲ್ಲಿ ನಿಂತುಕೊಂಡು ಬಂದಿದ್ದರು. ಇಷ್ಟು ದಿನ ಬಸ್ಸಿನಲ್ಲಿ ಹಂಚಿದ್ದ ಸಿಟ್ಟು ಪೂರ್ತಿ ಅಲ್ಲಿ ಬಂದು ನಿಂತಿತ್ತು. ಜಮಖಂಡಿಯ ತಂಡ ಇಳಿಯುತ್ತಲೇ ಇಡೀ ಮೈದಾನ ಕೈಬೆರಳೊಂದನ್ನು ಎತ್ತಿ "ಒಂದ ಸಲ! ಒಂದ ಸಲ!" ಎಂದು ಕೂಗಿತು. ಪಟ್ಟಿ ಹಾಕಿದವಳು ನಾನು ಎಂದು ಯಾರೋ ತೋರಿಸಿದರು. ಒಂದು ಟ್ರೇಲರಿನ ಜನರೆಲ್ಲ ನನ್ನತ್ತ ತಿರುಗಿ ಬೆರಳು ಎತ್ತಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅತ್ತೆಯವರ ಹಿಂದೆ ಸರಿದು ನಿಂತೆ.

ಮಾವನವರೂ ಬಂದಿದ್ದರು. ಜೊತೆಗೆ ಮುಧೋಳದಿಂದ ಎರಡು ಗಾಡಿ ತುಂಬ ಜನ. ಅವರ ತಂಡಕ್ಕೆ ಇನ್ನು ಕಪ್ಪು ಸಿಗುವಂತಿರಲಿಲ್ಲ, ಹಾಗಾದರೆ ಬಂದದ್ದೇಕೆ ಎಂದು ನನಗೆ ಅರ್ಥವಾಗಲಿಲ್ಲ. ಜಮಖಂಡಿ ಮೊದಲ ಗೋಲು ಹೊಡೆದಾಗ ಅರ್ಥವಾಯಿತು. ಮಾವನವರು ಟೊಪ್ಪಿಗೆ ತೆಗೆದು ಮೇಲೆ ಹಾರಿಸಿ, "ಜಮಖಂಡೀ!" ಎಂದು ಒದರಿದರು. ಅತ್ತೆಯವರು ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಐವತ್ತೊಂದು ವರ್ಷದ ಸಂಸಾರದಲ್ಲಿ ಆ ಶಬ್ದವನ್ನು ಅವರ ಬಾಯಿಂದ ಆ ಧಾಟಿಯಲ್ಲಿ ಕೇಳಿರಲಿಲ್ಲವಂತೆ.

ಪಕ್ಕದಲ್ಲಿದ್ದ ಬೀಳಗಿಯವನೊಬ್ಬ ಕೇಳಿದ: "ಯಜಮಾನ್ರ, ನೀವು ಮುಧೋಳದಾವ್ರು ಅಲ್ಲೇನ್ರಿ?"

"ಹೌದು, ಮುಧೋಳದವನ."

"ಮತ್ತ ಜಮಖಂಡ್ಯಾವ್ರಿಗೆ ಬೈತಿದ್ರಲ್ಲ?"

"ನಾವು ಬೈತೇವಿ. ನಾಕ ಸಲ ಬೈದೇವಿ. ಅವರಿಗೆ ಬೈಲಿಕ್ಕೆ ನಾವ ಇದ್ದೇವಿ. ನೀವು ಯಾರು ನಡುವ?"

ಬೀಳಗಿ ಒಂದು ಗೋಲು ತಿರುಗಿ ಹೊಡೆದಾಗ ಭೂಮಿ ಅದುರಿತು. ಕೊನೆಯ ನಿಮಿಷದಲ್ಲಿ ಜಮಖಂಡಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಪಿ.ಟಿ. ಮಾಸ್ತರರು ಕಣ್ಣು ಮುಚ್ಚಿಕೊಂಡು, "ಏನಾತ್ರಿ ಮೇಡಂ, ಏನಾತು?" ಎಂದು ನನ್ನನ್ನು ಕೇಳುತ್ತಲೇ ಇದ್ದರು. ಚೆಂಡು ಬೀಳಗಿಯ ಗೋಲ್‌ಕೀಪರನ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಅವನು ತಡೆದದ್ದಲ್ಲ, ಹೆದರಿ ಕಾಲು ಎತ್ತಿದ್ದ ಎಂದು ನನಗೆ ಅನ್ನಿಸಿತು. ಬೀಳಗಿಯಲ್ಲಿ ನಿಂತು ಅದನ್ನು ಹೇಳುವಂತಿರಲಿಲ್ಲ. ಒಂದಕ್ಕೊಂದು ಸಮವಾಗಿ, ಗೆಲ್ಲದೆಯೇ ಬೀಳಗಿಯವರು ಕಪ್ಪು ಎತ್ತಿದರು. ಕಂಡಕ್ಟರರು ಕಪ್ಪನ್ನು ತಲೆಯ ಮೇಲಿಟ್ಟುಕೊಂಡು ಮೈದಾನ ಮೂರು ಸುತ್ತು ಓಡಿದರು. ಮೂರನೆಯ ಸುತ್ತಿನಲ್ಲಿ ನಡೆದರು.

ಆಮೇಲೆ ಅವರು ನಮ್ಮನ್ನು ಬಿಡಲಿಲ್ಲ. ಎಂದೂ ಬರದವರು ಬಂದೀರಿ, ಉಣ್ಣದೆ ಹೋದರೆ ನಮಗೆ ಅಪಮಾನ ಎಂದು ಜಮಖಂಡಿಯ ತಂಡವನ್ನೂ ಮುಧೋಳದ ಜನರನ್ನೂ ಸಾಲಾಗಿ ಕೂಡಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸಿದರು. ಅತ್ತೆಯವರು ಎರಡನೆಯ ರೊಟ್ಟಿ ಹಾಕಿಸಿಕೊಳ್ಳುತ್ತ, "ಎಣ್ಣಿಗಾಯಿಗೆ ಉಪ್ಪ ಸ್ವಲ್ಪ ಕಡಮಿ ಆತು," ಎಂದು ನನ್ನ ಕಿವಿಯಲ್ಲಿ ಹೇಳಿದರು. ಜಮಖಂಡಿಯ ಮಾನ ಉಳಿಸಲು ಅವರಿಗೆ ಅಷ್ಟೇ ಸಾಧ್ಯವಿತ್ತು.

ಈ ವರ್ಷ ಮತ್ತೆ ಪೈಪಿನ ಅಂಗಡಿಯಲ್ಲಿ ಸಭೆ ಸೇರಿತು. ಸಾಹುಕಾರರು ನಾನು ಕೂರುವ ಮೊದಲೇ ಶುರು ಮಾಡಿದರು. "ಮೇಡಂ, ಮುಧೋಳ ಬಿಡ್ರಿ, ಅದು ಮುಗದ ಹೋದ ಕಥಿ. ಈ ಸಲ ಜಮಖಂಡಿ-ಬೀಳಗಿ ನಾಕ ಸಲ ಇಡ್ರಿ. ಏನ್ ಮಂದಿ, ಏನ್ ಮಂದಿ!"

ಕಂಡಕ್ಟರರು ಎದ್ದು ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಸಾಹುಕಾರ್ರ. ನಾಕ ಸಲ ಆಡಿದ್ರ ನಮ್ಮ ಹುಡುಗ್ರು ಅಲ್ಲಿ ಹುಡಿಗ್ಯಾರ್ನ ಲಗ್ನಾ ಆಗಿ ಕುಂದರತಾವ. ಸಿಟ್ಟೆಲ್ಲಾ ಇಳದ ಹೋಗತೈತಿ. ನಮಗ ಒಂದ ಸಲ ಸಾಕು. ಕೊನೀ ವಾರನೇ ಇರ್ಲಿ."

ಮೂಲೆಯಲ್ಲಿ ರಬಕವಿ-ಬನಹಟ್ಟಿಯ ಮ್ಯಾನೇಜರು ಕೂತಿದ್ದರು. ನೇಕಾರರು, ಬಹಳ ಮೆತ್ತಗಿನ ಮನುಷ್ಯ. ಹೋದ ವರ್ಷದ ಪಟ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ಹೊಡೆತ ತಿಂದವರು ಅವರೇ ಎಂದು, "ನಿಮಗ ಹೆಂಗ ಬೇಕ್ರಿ?" ಎಂದು ನಾನೇ ಕೇಳಿದೆ. ಅವರು ನಾಚಿಕೆಯಿಂದ, "ನಮಗ ಬೀಳಗಿ ಜೋಡಿ ನಾಕ ಸಲ ಹಂಗ ಇರ್ಲಿ ಅಕ್ಕಾರ. ಸೋಲೂದು ಎಲ್ಲಿ ಹೋದ್ರೂ ಐತಿ. ಅಲ್ಲಿ ಊಟಾ ಭಾಳ ಛಲೋ ಹಾಕ್ತಾರ," ಎಂದರು.

ನಾನು ಎಲ್ಲರ ಮಾತನ್ನೂ ಬರೆದುಕೊಂಡೆ. ಮನೆಗೆ ಬಂದು, ಎಲ್ಲರೂ ಎಲ್ಲರೊಂದಿಗೆ ಎರಡೆರಡು ಸಲ ಎಂದು ಬರೆದು, ಕೆಳಗೆ ಸಹಿ ಮಾಡಿ, ಯಾರನ್ನೂ ಕೇಳದೆ ಅಂಗಡಿಯ ಗೋಡೆಗೆ ಅಂಟಿಸಿ ಬಂದೆ. ಮರುದಿನ ಬಸ್ಸಿನಲ್ಲಿ ಪಿ.ಟಿ. ಮಾಸ್ತರರು ಹಿಂದಿನ ಸೀಟಿನಲ್ಲಿ ಕೂತರು. ಕಂಡಕ್ಟರರು ಟಿಕೆಟು ಕೊಟ್ಟು ಮಾತಾಡದೆ ಮುಂದೆ ಹೋದರು. ಎಲ್ಲರಿಗೂ ಸಮನಾಗಿ ಬೇಜಾರಾಗಿದೆ ಎಂದು ಖಾತ್ರಿ ಮಾಡಿಕೊಂಡು, ನಾನು ಕಿಟಕಿಯ ಪಕ್ಕ ಕೂತು ಹತ್ತನೆಯ ತರಗತಿಯ ಪೇಪರು ತಿದ್ದತೊಡಗಿದೆ.